ಕ್ರೈಸ್ತ ಆರಾಧನೆಯಲ್ಲಿ ಹರ್ಷಸ್ತುತಿ: ಕನ್ನಡ ಕೀರ್ತನೆಗಳ ನೆಲೆಯಿಂದ ಒಂದು ವಿವೇಚನೆ

ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಕ್ರೈಸ್ತ ಮಿಶನರಿಗಳ ಕುರಿತ ಚರ್ಚೆ ಸಾಮಾನ್ಯವಾಗಿ ನಿಘಂಟು, ವ್ಯಾಕರಣ, ಮುದ್ರಣ, ಪತ್ರಿಕೆ ಮತ್ತು ಗ್ರಂಥಸಂಪಾದನೆ ಎಂಬ ನೆಲೆಗಳಲ್ಲಿ ನಡೆಯುತ್ತದೆ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಆರಂಭಿಸಿದ ‘ಮಂಗಳೂರ ಸಮಾಚಾರ’, 1875ರಲ್ಲಿ ಫರ್ಡಿನೆಂಡ್ ಕಿಟೆಲ್ ಸಂಪಾದಿಸಿದ ನಾಗವರ್ಮನ ‘ಛಂದೋಂಬುಧಿ’, 1894ರಲ್ಲಿ ಪ್ರಕಟವಾದ ಕಿಟೆಲ್ ನಿಘಂಟು ಇವು ಎಲ್ಲ ಅಧ್ಯಾಪಕರಿಗೂ ಪರಿಚಿತ. ಆದರೆ ಈ ವಿದ್ವತ್ಕಾರ್ಯಕ್ಕೆ ಪ್ರೇರಣೆಯಾಗಿದ್ದ ಧಾರ್ಮಿಕ ಬದುಕಿನ ಕೇಂದ್ರದಲ್ಲಿದ್ದ ಒಂದು ಕ್ರಿಯೆ ನಮ್ಮ ಚರ್ಚೆಯಲ್ಲಿ ಅಪರೂಪವಾಗಿ ಕಾಣಿಸಿಕೊಳ್ಳುತ್ತದೆ. ಅದು ಹಾಡು, ಇನ್ನೂ ಖಚಿತವಾಗಿ ಹೇಳುವುದಾದರೆ, ಸಭೆಯಾಗಿ ಕೂಡಿ ದೇವರನ್ನು ಹರ್ಷದಿಂದ ಸ್ತುತಿಸುವ ಹಾಡು.

ಕನ್ನಡ ಕ್ರೈಸ್ತರ ಪಾಲಿಗೆ ನಿಘಂಟಿಗಿಂತ ಹೆಚ್ಚು ಬಳಕೆಯಲ್ಲಿರುವ ಪುಸ್ತಕ ಕೀರ್ತನೆಯ ಪುಸ್ತಕ. ಓದಲು ಬಾರದವರ ನಾಲಗೆಯ ಮೇಲೂ ಅದರ ಪಲ್ಲವಿಗಳಿರುತ್ತವೆ. ಹೀಗಿದ್ದೂ ಅದು ಸಾಹಿತ್ಯವಾಗಿ ಪರಿಗಣಿತವಾಗದೆ ಉಳಿದದ್ದೇಕೆ? ಈ ಪ್ರಶ್ನೆಗೆ ಉತ್ತರಿಸಬೇಕಾದರೆ ಮೊದಲು ಕ್ರೈಸ್ತ ಜೀವನದಲ್ಲಿ ಹರ್ಷಸ್ತುತಿಯ ಸ್ವರೂಪವೇನು, ಅದು ಕನ್ನಡಕ್ಕೆ ಬಂದಾಗ ಯಾವ ಪದಗಳನ್ನೂ ಯಾವ ಲಯಗಳನ್ನೂ ಆಶ್ರಯಿಸಿತು ಎಂಬುದನ್ನು ವಿವರಿಸಿಕೊಳ್ಳಬೇಕಾಗುತ್ತದೆ. ಪ್ರಸ್ತುತ ಲೇಖನದ ಉದ್ದೇಶ ಇದೇ ಆಗಿದೆ.

1. ಸ್ತುತಿಯ ಪದಕೋಶ

ಕ್ರೈಸ್ತ ಸ್ತುತಿಪರಂಪರೆಯ ಮೂಲ ಆಕರ ಹಳೆಯ ಒಡಂಬಡಿಕೆಯ 150 ಕೀರ್ತನೆಗಳು. ಇವು ಯೆಹೂದ್ಯರ ಆರಾಧನೆಯಲ್ಲಿ ಹುಟ್ಟಿ ಬೆಳೆದು, ಅನಂತರ ಕ್ರೈಸ್ತ ಸಭೆಯ ಪ್ರಾರ್ಥನಾ ಪುಸ್ತಕವೂ ಆದವು. ಹೀಬ್ರೂ ಭಾಷೆಯಲ್ಲಿ ಈ ಗ್ರಂಥಕ್ಕಿರುವ ಹೆಸರು ‘ತೆಹಿಲ್ಲೀಮ್’. ‘ಸ್ತುತಿಗಳು’ ಎಂದು ಇದರ ಅರ್ಥ. ಗ್ರೀಕ್‌ನ ‘ಪ್ಸಾಲ್ಮೊಸ್’ ಎಂಬ ಪದ ತಂತಿಯನ್ನು ಮೀಟುವುದಕ್ಕೆ ಸಂಬಂಧಿಸಿದ್ದು. ಒಂದು ಹೆಸರು ಆಶಯವನ್ನೂ ಇನ್ನೊಂದು ವಾದ್ಯವನ್ನೂ ಹೇಳುತ್ತದೆ. ಕನ್ನಡ ಅನುವಾದಕರು ಇವೆರಡನ್ನೂ ಬಿಟ್ಟು ‘ಕೀರ್ತನೆಗಳು’ ಎಂಬ ಪದವನ್ನು ಆರಿಸಿಕೊಂಡರು. ಇದು ಸಣ್ಣ ಆಯ್ಕೆಯಲ್ಲ. ನವವಿಧ ಭಕ್ತಿಯಲ್ಲಿ ಶ್ರವಣದ ನಂತರ ಬರುವ, ದಾಸರ ಮೂಲಕ ಕನ್ನಡಿಗರ ಮನೆಮನೆಯ ಮಾತಾದ ಪದವದು. ಹೊಸ ಸಮುದಾಯವೊಂದರ ಸ್ತುತಿಗೆ ನೆಲದ ಹಳೆಯ ಹೆಸರೇ ದೊರೆಯಿತು.

ಹೀಬ್ರೂವಿನ ಸ್ತುತಿವಾಚಕ ಧಾತುಗಳು ಹಲವು. ‘ಹಲಲ್’ ಎಂದರೆ ಹೊಗಳುವುದು. ‘ಯದಾ’ ಎಂದರೆ ಕೃತಜ್ಞತೆಯಿಂದ ಒಪ್ಪಿಕೊಂಡು ಹೇಳುವುದು. ‘ಜಮರ್’ ಎಂದರೆ ವಾದ್ಯದೊಡನೆ ಹಾಡುವುದು. ‘ಬರಖ್’ ಎಂದರೆ ಕೊಂಡಾಡುವುದು, ಹರಸುವುದು. ಇವುಗಳ ಜೊತೆಗೆ ‘ತೆರೂಆ’ ಎಂಬ ಪದವಿದೆ. ಯುದ್ಧದಲ್ಲಿ ಹಾಗೂ ಅರಸನನ್ನು ಬರಮಾಡಿಕೊಳ್ಳುವಲ್ಲಿ ಜನ ಎತ್ತುವ ಕೂಗು ಅದು. 100ನೆಯ ಕೀರ್ತನೆ ಈ ಕೂಗಿನ ಕರೆಯಿಂದಲೇ ಆರಂಭವಾಗುತ್ತದೆ. ಇಂಥ ಸಂದರ್ಭಗಳಿಗೆ ಕನ್ನಡ ಅನುವಾದ ಬಳಸಿಕೊಂಡ ‘ಜಯಘೋಷ’, ‘ಉತ್ಸಾಹಧ್ವನಿ’ ಎಂಬ ಪದಗಳು ಮೂಲದ ಸಾರ್ವಜನಿಕ ಗುಣವನ್ನು ಚೆನ್ನಾಗಿ ಹಿಡಿದಿವೆ. ಇಲ್ಲಿನ ಹರ್ಷ ಏಕಾಂತದ ಆನಂದವಲ್ಲ. ಅರಸನ ಬರವನ್ನು ಊರೆಲ್ಲ ಸೇರಿ ಸಾರುವ ಧ್ವನಿ.

ಇನ್ನೊಂದು ಅಂಶ ವ್ಯಾಕರಣಕ್ಕೆ ಸಂಬಂಧಿಸಿದ್ದು. ಜಗತ್ತಿನ ಬಹುತೇಕ ಕ್ರೈಸ್ತರು ಅನುವಾದವಿಲ್ಲದೆ ಬಳಸುವ ‘ಹಲ್ಲೆಲೂಯ’ ಎಂಬ ಉದ್ಗಾರ ಮೂಲತಃ ಒಂದು ವಾಕ್ಯ. ‘ಹಲ್ಲೆಲೂ’ ಎಂಬುದು ಬಹುವಚನದ ವಿಧ್ಯರ್ಥಕ ಕ್ರಿಯಾಪದ. ‘ಯಾಹ್’ ಎಂಬುದು ದೇವನಾಮದ ಸಂಕ್ಷಿಪ್ತ ರೂಪ. ಅಂದರೆ ಈ ಉದ್ಗಾರ ತಾನೇ ಸ್ತುತಿಯಾಗಿರುವುದಕ್ಕಿಂತ ಹೆಚ್ಚಾಗಿ ಇತರರನ್ನು ಸ್ತುತಿಗೆ ಕರೆಯುವ ಮಾತು. ಕನ್ನಡದ ‘ಹಾಡಿರಿ’, ‘ಸ್ತುತಿಸಿರಿ’, ‘ಕೊಂಡಾಡಿರಿ’ ಎಂಬ ರೂಪಗಳಲ್ಲಿರುವ ‘ಇರಿ’ ಪ್ರತ್ಯಯ ಈ ಬಹುವಚನವನ್ನು ಸ್ಪಷ್ಟವಾಗಿ ಉಳಿಸಿಕೊಳ್ಳುತ್ತದೆ. ಹಾಡುವವರು ಪರಸ್ಪರರನ್ನು ‘ನೀವು’ ಎಂದು ಕರೆದು, ದೇವರನ್ನು ‘ನೀನು’ ಎಂದು ಸಂಬೋಧಿಸುತ್ತಾರೆ. ದೇವರನ್ನು ಏಕವಚನದಲ್ಲಿ ಕರೆಯುವ ಸಲುಗೆ ವಚನಕಾರರಿಂದಲೂ ದಾಸರಿಂದಲೂ ಕನ್ನಡಕ್ಕೆ ಸಹಜವಾಗಿಯೇ ಬಂದಿತ್ತು.

‘ಸೇವೆ’ ಎಂಬ ಪದವನ್ನೂ ಇಲ್ಲಿ ಗಮನಿಸಬೇಕು. ಹೀಬ್ರೂವಿನ ‘ಅವದ್’ ಧಾತುವಿಗೆ ದುಡಿಯುವುದು, ಊಳಿಗ ಮಾಡುವುದು, ಆರಾಧಿಸುವುದು ಎಂಬ ಅರ್ಥಗಳಿವೆ. ಸಂತೋಷದಿಂದ ದೇವರಿಗೆ ಮಾಡಬೇಕಾದದ್ದು ಎಂದು 100ನೆಯ ಕೀರ್ತನೆ ಹೇಳುವುದು ಇದನ್ನೇ. ಕನ್ನಡದ ‘ಸೇವೆ’ಯೂ ದುಡಿಮೆಯನ್ನೂ ಪೂಜೆಯನ್ನೂ ಒಟ್ಟಿಗೆ ಸೂಚಿಸುತ್ತದೆ. ಹೀಗಾಗಿ ಆರಾಧನೆಯ ಹರ್ಷವು ದೇವಾಲಯದ ಬಾಗಿಲಲ್ಲಿ ಮುಗಿಯುವುದಿಲ್ಲವೆಂಬ ಕ್ರೈಸ್ತ ಬೋಧನೆಯನ್ನು ಕನ್ನಡದಲ್ಲಿ ಹೇಳಲು ಹೊಸ ಪದವನ್ನು ಸೃಷ್ಟಿಸಬೇಕಾಗಲಿಲ್ಲ.

2. ಹರ್ಷ ಮತ್ತು ಮೊರೆ

‘ಸ್ತುತಿಗಳು’ ಎಂಬ ಹೆಸರಿದ್ದರೂ ಆ ಗ್ರಂಥದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕೀರ್ತನೆಗಳು ಮೊರೆಯ ಹಾಡುಗಳು. ರೋಗ, ಶತ್ರುಭಯ, ಸೆರೆ, ದೇವರ ಮೌನ ಇವೇ ಅವುಗಳ ವಸ್ತು. ದೇವರೊಡನೆ ಜಗಳಕ್ಕೆ ನಿಲ್ಲುವ ಧಾಟಿಯೂ ಅಲ್ಲಿದೆ. ದಾಸರ ನಿಂದಾಸ್ತುತಿಯನ್ನು ಬಲ್ಲ ಓದುಗರಿಗೆ ಇದು ಅಪರಿಚಿತವೆನಿಸದು. ಆದರೆ ನಿಂದಾಸ್ತುತಿಯಲ್ಲಿ ನಿಂದೆಯ ಮರೆಯಲ್ಲಿ ಸ್ತುತಿ ಅಡಗಿರುತ್ತದೆ. ಮೊರೆಯ ಕೀರ್ತನೆಯಲ್ಲಿ ದೂರು ದೂರಾಗಿಯೇ ನಿಂತು, ಅನಂತರ ಸ್ತುತಿಯ ಕಡೆಗೆ ಹೊರಳುತ್ತದೆ. ಹಲವು ಕೀರ್ತನೆಗಳಲ್ಲಿ ಈ ಹೊರಳುವಿಕೆ ಯಾವ ವಿವರಣೆಯೂ ಇಲ್ಲದೆ, ಒಂದೇ ಪದ್ಯದ ಅಂತರದಲ್ಲಿ ಸಂಭವಿಸುತ್ತದೆ. 88ನೆಯ ಕೀರ್ತನೆಯಂತೂ ಕೊನೆಯವರೆಗೆ ಕತ್ತಲೆಯಲ್ಲೇ ಉಳಿಯುತ್ತದೆ. ಅದನ್ನೂ ಸಂಕಲನಕಾರರು ‘ಸ್ತುತಿಗಳ’ ನಡುವೆಯೇ ಇರಿಸಿದರು. ಇಡೀ ಗ್ರಂಥ ಐದು ಭಾಗಗಳಾಗಿ ವಿಂಗಡಿತವಾಗಿದ್ದು, ಮೊದಲ ನಾಲ್ಕು ಭಾಗಗಳು ಚಿಕ್ಕ ಮಂಗಳಸ್ತುತಿಗಳಿಂದ ಮುಗಿಯುತ್ತವೆ. ಎಲ್ಲಕ್ಕೂ ಕೊನೆಯದಾಗಿ ತುತ್ತೂರಿ, ತಂತಿವಾದ್ಯ, ದಮ್ಮಡಿ, ಕೊಳಲು, ತಾಳಗಳನ್ನೂ ಉಸಿರುಳ್ಳ ಜೀವಿಗಳೆಲ್ಲವನ್ನೂ ಕರೆಯುವ 150ನೆಯ ಕೀರ್ತನೆ ನಿಲ್ಲುತ್ತದೆ. ಹರ್ಷ ಎಂಬುದು ದುಃಖದ ಅಭಾವವಲ್ಲ, ದುಃಖವನ್ನು ದಾಟಿ ತಲುಪುವ ನೆಲೆ ಎಂಬುದನ್ನು ಗ್ರಂಥದ ರಚನೆಯೇ ಹೇಳುತ್ತಿದೆ.

ಹೊಸ ಒಡಂಬಡಿಕೆಯಲ್ಲಿಯೂ ಇದೇ ಕ್ರಮವನ್ನು ಕಾಣಬಹುದು. ಫಿಲಿಪ್ಪಿಯಲ್ಲಿ ಸೆರೆಯಲ್ಲಿದ್ದ ಪೌಲ, ಸೀಲರು ನಡುರಾತ್ರಿಯಲ್ಲಿ ಸ್ತುತಿಗೀತೆಗಳನ್ನು ಹಾಡುತ್ತಿದ್ದರೆಂದು ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯ ನಿರೂಪಿಸುತ್ತದೆ. ಅದೇ ಫಿಲಿಪ್ಪಿಯ ಸಭೆಗೆ ಪೌಲ ಬರೆದ ಪತ್ರವೂ ಸೆರೆಯಿಂದಲೇ ಬರೆದದ್ದು; ಸಂತೋಷವನ್ನು ಅದು ಮತ್ತೆ ಮತ್ತೆ ವಿಧಿರೂಪದಲ್ಲಿ ಹೇಳುತ್ತದೆ. ಮನಸ್ಸಿನಲ್ಲಿ ತಾನಾಗಿ ಹುಟ್ಟುವ ಭಾವಕ್ಕೆ ಆಜ್ಞೆ ಸಲ್ಲದು. ಹಾಗಾಗಿ ಇಲ್ಲಿ ಹರ್ಷವೆಂಬುದು ಮುಖ್ಯವಾಗಿ ಭಾವವಲ್ಲ, ಆಚರಣೆ, ಮಾಡಬೇಕಾದ ಕೆಲಸ. ಸಂತೋಷವಾದಾಗ ಹಾಡುವುದು ಲೋಕದ ರೂಢಿ. ಹಾಡುತ್ತ ಹಾಡುತ್ತ ಸಂತೋಷದ ನೆಲೆಗೆ ಬರುವುದು ಆರಾಧನೆಯ ಕ್ರಮ. ಈ ವ್ಯತ್ಯಾಸವನ್ನು ಗ್ರಹಿಸದಿದ್ದರೆ ಕ್ರೈಸ್ತ ಸ್ತುತಿಗೀತೆಗಳು ಒಂದೇ ಭಾವದ ಏಕತಾನದ ಪುನರುಕ್ತಿಗಳಾಗಿ ತೋರುವುದು ಸಹಜ.

3. ಸಭೆಯ ಪರಂಪರೆಯಲ್ಲಿ ಹಾಡು

ಸಭೆಯ ಹಾಡಿನ ಬಗ್ಗೆ ಹೊರಗಿನವರಿಂದ ದೊರೆಯುವ ಅತಿ ಹಳೆಯ ಸಾಕ್ಷ್ಯಗಳಲ್ಲಿ ಒಂದು ಕ್ರಿ.ಶ. 112ರ ಸುಮಾರಿನದು. ಬಿಥೂನ್ಯ ಪ್ರಾಂತದ ರೋಮನ್ ಅಧಿಕಾರಿ ಪ್ಲಿನಿ, ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರದಲ್ಲಿ ಕ್ರೈಸ್ತರು ಗೊತ್ತಾದ ದಿನ ನಸುಕಿಗೆ ಮುನ್ನ ಕೂಡಿ, ಕ್ರಿಸ್ತನನ್ನು ದೇವರೆಂಬಂತೆ ಸರದಿಯಾಗಿ ಹಾಡಿ ಸ್ತುತಿಸುತ್ತಾರೆಂದು ವರದಿ ಮಾಡಿದ. ವಿಚಾರಣೆಗೊಳಗಾದ ಸಮುದಾಯವೊಂದರ ಗುರುತಾಗಿ ಅಧಿಕಾರಿಗೆ ತಿಳಿದುಬಂದ ಸಂಗತಿಗಳಲ್ಲಿ ಹಾಡು ಪ್ರಮುಖವಾಗಿದ್ದುದು ಗಮನಾರ್ಹ.

ಹರ್ಷಗಾನದ ಬಗ್ಗೆ ಆಳವಾಗಿ ಚಿಂತಿಸಿದವರಲ್ಲಿ ಸಂತ ಅಗಸ್ಟೀನ (354-430) ಮುಖ್ಯನು. ಕೀರ್ತನೆಗಳ ಮೇಲಿನ ತನ್ನ ವ್ಯಾಖ್ಯಾನದಲ್ಲಿ ಆತ ‘ಯುಬಿಲಸ್’ ಎಂಬ ಪರಿಕಲ್ಪನೆಯನ್ನು ವಿವರಿಸುತ್ತಾನೆ. ಸುಗ್ಗಿಯಲ್ಲಿ, ದ್ರಾಕ್ಷಿತೋಟದಲ್ಲಿ ದುಡಿಯುವವರು ಮೊದಲು ಮಾತುಗಳಿರುವ ಹಾಡನ್ನು ಹಾಡುತ್ತಾರೆ. ಸಂತೋಷ ಮೇರೆ ಮೀರಿದಾಗ ಮಾತನ್ನು ಬಿಟ್ಟು ಬರಿಯ ಸ್ವರದಲ್ಲಿ ಉಲಿಯುತ್ತಾರೆ. ಮಾತಿಗೆ ನಿಲುಕದ ದೇವರನ್ನು ಸ್ತುತಿಸಲು ಇದಕ್ಕಿಂತ ತಕ್ಕ ರೀತಿ ಬೇರಿಲ್ಲವೆಂಬುದು ಆತನ ಅಭಿಪ್ರಾಯ. ರಾಗಾಲಾಪನೆಯನ್ನೂ ಸುಗ್ಗಿಯ ಹಾಡುಗಳನ್ನೂ ಬಲ್ಲ ಕನ್ನಡಿಗರಿಗೆ ಈ ವಿವರಣೆ ಕಷ್ಟವಲ್ಲ. ಆದರೆ ‘ಆತ್ಮನಿವೇದನೆ’ಯ ಹತ್ತನೆಯ ಸಂಪುಟದಲ್ಲಿ ಇದೇ ಅಗಸ್ಟೀನ, ಹಾಡಿನ ಅರ್ಥಕ್ಕಿಂತ ಹಾಡುಗಾರಿಕೆಯ ಇಂಪಿಗೇ ಮನಸೋಲುವುದು ತಪ್ಪೆಂದು ತಳಮಳಿಸುತ್ತಾನೆ. ಸಂಗೀತದ ಸುಖ ಬೇಕು, ಅದು ದೇವರನ್ನು ಮರೆಸಬಾರದು ಎಂಬ ಈ ದ್ವಂದ್ವ ಕ್ರೈಸ್ತ ಆರಾಧನೆಯ ಇತಿಹಾಸದುದ್ದಕ್ಕೂ ಮುಂದುವರಿದಿದೆ.

ಹದಿನಾರನೆಯ ಶತಮಾನದ ಮತಸುಧಾರಣೆ ಈ ದ್ವಂದ್ವಕ್ಕೆ ಭಿನ್ನ ಉತ್ತರಗಳನ್ನು ಕೊಟ್ಟಿತು. ಕ್ಯಾಲ್ವಿನ್‌ನ ಜಿನೀವಾ ಸಭೆ ಆರಾಧನೆಯಿಂದ ವಾದ್ಯಗಳನ್ನು ದೂರವಿರಿಸಿ, ಛಂದೋಬದ್ಧ ಕೀರ್ತನೆಗಳನ್ನು ಏಕಕಂಠದಲ್ಲಿ ಹಾಡಿತು. ಅಲ್ಲಿನ ಕೀರ್ತನಾಸಂಪುಟ 1562ರಲ್ಲಿ ಪೂರ್ಣಗೊಂಡಿತು. ಲೂಥರ್ ಸಂಗೀತವನ್ನು ದೇವರ ವರವೆಂದು ಬಗೆದು, ಜನರ ಜರ್ಮನ್ ಭಾಷೆಯಲ್ಲಿ ಸಭಾಗೀತೆಗಳನ್ನು ರಚಿಸಿದ. ಆ ಪಂಥದ ಮೊದಲ ಹಾಡಿನ ಪುಸ್ತಕಗಳು 1524ರಲ್ಲಿ ಅಚ್ಚಾದವು. ಇದುವರೆಗೆ ಪಾದ್ರಿಗಳೂ ಗಾಯಕರೂ ಲ್ಯಾಟಿನ್‌ನಲ್ಲಿ ಹಾಡುತ್ತಿದ್ದುದನ್ನು ಬಹುಮಟ್ಟಿಗೆ ಕೇಳುತ್ತಿದ್ದ ಜನ ಈಗ ತಾವೇ ಹಾಡುವವರಾದರು. ಈ ಜರ್ಮನ್ ಪರಂಪರೆಯೇ ಮೂರು ಶತಮಾನಗಳ ಬಳಿಕ ಮಂಗಳೂರಿಗೆ ಬಂದಿಳಿಯಿತು.

4. ಕನ್ನಡದ ನೆಲದಲ್ಲಿ: ಛಂದಸ್ಸಿನ ಸಮಸ್ಯೆ

ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕೈಗೊಂಡ ಬೈಬಲ್ ಅನುವಾದ ಕಾರ್ಯ 1831ರ ವೇಳೆಗೆ ಪೂರ್ಣರೂಪ ಪಡೆಯಿತು. ಗದ್ಯದಲ್ಲಿ ಓದಲು ಕೀರ್ತನೆಗಳು ದೊರೆತವು. ಆದರೆ ಸಭೆ ಹಾಡಬೇಕಾದರೆ ಪದ್ಯ ಬೇಕು, ಧಾಟಿ ಬೇಕು. 1834ರಲ್ಲಿ ಮಂಗಳೂರಿನಲ್ಲಿ ಕಾರ್ಯಾರಂಭ ಮಾಡಿದ ಬಾಸೆಲ್ ಮಿಶನ್ನಿನವರು ತಮ್ಮೊಡನೆ ಜರ್ಮನ್ ಸಭಾಗೀತೆಗಳ ಧಾಟಿಗಳನ್ನು ತಂದಿದ್ದರು. ಆ ಧಾಟಿಗಳಿಗೆ ಕನ್ನಡದ ಮಾತುಗಳನ್ನು ಹೊಂದಿಸುವ ಕೆಲಸ ತೊಡಗಿದಾಗ ಎದುರಾದದ್ದು ಮುಖ್ಯವಾಗಿ ಛಂದಸ್ಸಿನ ಸಮಸ್ಯೆ.

ಜರ್ಮನ್ ಸಭಾಗೀತೆಯ ಸಾಲು ಅಕ್ಷರಗಳ ಎಣಿಕೆ ಮತ್ತು ಸ್ವರಾಘಾತದ ಮೇಲೆ ನಿಂತಿದೆ. ಸಾಮಾನ್ಯವಾಗಿ ಒಂದು ಅಕ್ಷರಕ್ಕೆ ಒಂದು ಸ್ವರ; ಸ್ವರಗಳ ಕಾಲಪ್ರಮಾಣ ಬಹುಮಟ್ಟಿಗೆ ಸಮಾನ. ಕನ್ನಡದ ಹಾಡು ಮಾತ್ರೆಗಳ ಲೆಕ್ಕದಲ್ಲಿ ನಡೆಯುತ್ತದೆ. ಉದಾಹರಣೆಗೆ ‘ಸ್ತುತಿಸಿರಿ’, ‘ಕೊಂಡಾಡಿರಿ’ ಎಂಬ ಎರಡು ಕ್ರಿಯಾಪದಗಳನ್ನು ತೆಗೆದುಕೊಳ್ಳಬಹುದು. ಎರಡರಲ್ಲಿಯೂ ನಾಲ್ಕು ಅಕ್ಷರಗಳಿವೆ. ಜರ್ಮನ್ ಲೆಕ್ಕದಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡಬಹುದು. ಆದರೆ ಮೊದಲನೆಯದರಲ್ಲಿ ನಾಲ್ಕೂ ಲಘುಗಳು, ಒಟ್ಟು ನಾಲ್ಕು ಮಾತ್ರೆ. ಎರಡನೆಯದರಲ್ಲಿ ಎರಡು ಗುರು, ಎರಡು ಲಘು, ಒಟ್ಟು ಆರು ಮಾತ್ರೆ. ಸಮಕಾಲದ ಸ್ವರಗಳಿಗೆ ‘ಸ್ತುತಿಸಿರಿ’ಯನ್ನು ಹೊಂದಿಸಿ ನಿಧಾನವಾಗಿ ಹಾಡಿದರೆ ಲಘುಗಳೆಲ್ಲ ಗುರುಗಳಂತೆ ಕೇಳಿಸುತ್ತವೆ. ಹ್ರಸ್ವ ದೀರ್ಘಗಳಿಂದಲೇ ಅರ್ಥ ಬೇರೆಯಾಗುವ ಭಾಷೆಯಲ್ಲಿ ಇದು ಬರಿಯ ಕಿವಿಯ ಪ್ರಶ್ನೆಯಲ್ಲ. ‘ವರ’ ಎಂಬುದು ‘ವಾರ’ವಾಗಿ, ‘ಬಲ’ ಎಂಬುದು ‘ಬಾಲ’ವಾಗಿ ಕೇಳಿಸುವ ಅಪಾಯವಿದೆ. ಕನ್ನಡ ಕೀರ್ತನೆಯಲ್ಲೂ ಅಕ್ಷರಗಳನ್ನು ಎಳೆದು ಹಾಡುವುದುಂಟು. ಆದರೆ ಆ ಎಳೆತ ತಾಳದ ಆವರ್ತಕ್ಕೆ ಅಧೀನವಾಗಿದ್ದು, ಗುರು ಲಘುಗಳ ಅಂತರವನ್ನು ಸಾಮಾನ್ಯವಾಗಿ ಕಾಯ್ದುಕೊಳ್ಳುತ್ತದೆ.

ಎರಡನೆಯ ತೊಡಕು ಸಾಲಿನ ಆರಂಭಕ್ಕೆ ಸಂಬಂಧಿಸಿದ್ದು. ಹಲವು ಐರೋಪ್ಯ ಧಾಟಿಗಳು ಆಘಾತವಿಲ್ಲದ ಸ್ವರದಿಂದ ಮೊದಲಾಗುತ್ತವೆ. ಅಲ್ಲಿ ಜರ್ಮನ್ ಭಾಷೆ ಉಪಪದವನ್ನೋ ಉಪಸರ್ಗವನ್ನೋ ಇರಿಸುತ್ತದೆ. ಅಂಥ ಪೂರ್ವಪದಗಳಿಲ್ಲದ ಕನ್ನಡದಲ್ಲಿ ಒತ್ತು ಸಾಮಾನ್ಯವಾಗಿ ಪದದ ಮೊದಲ ಅಕ್ಷರದ ಮೇಲೆ ಬೀಳುತ್ತದೆ. ಮೂರನೆಯದು ಪ್ರಾಸದ ವಿಷಯ. ಕನ್ನಡ ಪದ್ಯದ ಕಿವಿ ಪಾದದ ದ್ವಿತೀಯಾಕ್ಷರ ಪ್ರಾಸಕ್ಕೆ ಒಗ್ಗಿದ್ದಾಗ ಸಭಾಗೀತೆ ಅಂತ್ಯಪ್ರಾಸವನ್ನು ಬೇಡಿತು. ‘ಇರಿ’ ಎಂದು ಮುಗಿಯುವ ವಿಧ್ಯರ್ಥಕಗಳು ಸುಲಭವಾಗಿ ಅಂತ್ಯಪ್ರಾಸ ಒದಗಿಸುವುದರಿಂದ, ಸ್ತುತಿಯ ಕರೆ ಸಾಲಿನ ಕೊನೆಗೆ ಸರಿಯಲು ಛಂದಸ್ಸೇ ಅನುಕೂಲ ಮಾಡಿಕೊಟ್ಟಿತು. ಪುನರುಕ್ತಿಯೆಂದು ಕಾಣುವುದರ ಹಿಂದೆ ಈ ರಚನಾಕಾರಣವೂ ಇದೆ.

ಈ ಸಮಸ್ಯೆಗೆ ಪರಿಹಾರ ಮಿಶನರಿಗಳಿಗೆ ಅಪರಿಚಿತವಾಗಿರಲಿಲ್ಲ. ‘ಬಿಬ್ಲಿಯೋತಿಕಾ ಕರ್ನಾಟಿಕಾ’ ಮಾಲೆಯಲ್ಲಿ ದಾಸರ ಪದಗಳನ್ನು ಅಚ್ಚಿಗೆ ತಂದವನು ಮೋಗ್ಲಿಂಗನೇ. ಕಿಟೆಲ್ 1862ರ ತನ್ನ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಜೀವನವನ್ನು ದೇಶೀ ಛಂದಸ್ಸಿನಲ್ಲಿ ಹೇಳಿದ. ‘ಛಂದೋಂಬುಧಿ’ಯ ಸಂಪಾದನೆಯನ್ನು ಕೇವಲ ಶಾಸ್ತ್ರಾಸಕ್ತಿಯಾಗಿ ನೋಡದೆ ಈ ಹಿನ್ನೆಲೆಯಲ್ಲಿ ನೋಡಿದರೆ, ಕನ್ನಡದಲ್ಲಿ ಹೇಗೆ ಹಾಡಬೇಕೆಂಬ ವ್ಯಾವಹಾರಿಕ ಪ್ರಶ್ನೆಯೂ ಅದರ ನೆರೆಯಲ್ಲಿಯೇ ಇತ್ತೆನ್ನಬಹುದು. ನೆರೆಯ ತಮಿಳಿನಲ್ಲಿ ತಂಜಾವೂರಿನ ವೇದನಾಯಗ ಶಾಸ್ತ್ರಿ (1774-1864) ಕರ್ನಾಟಕ ಸಂಗೀತದ ರಾಗತಾಳಗಳಲ್ಲಿ ಕ್ರೈಸ್ತ ಕೀರ್ತನೆಗಳನ್ನು ರಚಿಸಿದ್ದ. ಕನ್ನಡ ಸಭೆಗಳಲ್ಲಿಯೂ ಐರೋಪ್ಯ ಧಾಟಿಯ ಗೀತೆಗಳ ಜೊತೆಗೆ ಪಲ್ಲವಿ, ಚರಣಗಳುಳ್ಳ ದೇಶೀ ಕೀರ್ತನೆಗಳು ನೆಲೆಯೂರಿದವು. ನಗರದ ದೇವಾಲಯದಲ್ಲಿ ಆರ್ಗನ್ನಿನೊಡನೆ ನಿಂತು ಹಾಡುವ ಸಭೆ, ಹಳ್ಳಿಯ ಮನೆಯಂಗಳದಲ್ಲಿ ಹಾರ್ಮೋನಿಯಂ, ತಬಲಾ, ತಾಳಗಳೊಡನೆ ಕುಳಿತು ಭಜನೆ ಮಾಡುವ ಸಭೆ ಇವೆರಡೂ ಒಂದೇ ಸಮುದಾಯದ ಎರಡು ಹರ್ಷಗಳಾಗಿ ಉಳಿದುಬಂದಿವೆ.

5. ಕಥೋಲಿಕ ಹಾಗೂ ಪೆಂತೆಕೋಸ್ತ ನೆಲೆಗಳು

ಕಥೋಲಿಕ ಸಭೆಯಲ್ಲಿ ಆರಾಧನೆಯ ಕೇಂದ್ರ ಬಲಿಪೂಜೆ. ದೀರ್ಘಕಾಲ ಅದರ ಭಾಷೆ ಲ್ಯಾಟಿನ್ ಆಗಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯು 4 ಡಿಸೆಂಬರ್ 1963ರಂದು ಹೊರಡಿಸಿದ ಆರಾಧನಾವಿಧಿಯ ಸಂವಿಧಾನ ಜನಭಾಷೆಗೂ ಆಯಾ ಜನಾಂಗದ ಸಂಗೀತ ಪರಂಪರೆಗೂ ಅವಕಾಶ ಕಲ್ಪಿಸಿತು. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮಬೋಧೆ ಮತ್ತು ಆರಾಧನಾವಿಧಿ ಕೇಂದ್ರ, ಡಿ. ಎಸ್. ಅಮಲೋರ್‌ಪವದಾಸ್ ಅವರ ನೇತೃತ್ವದಲ್ಲಿ, ಭಾರತೀಯ ಆರಾಧನಾ ರೂಪಗಳ ಪ್ರಯೋಗಕ್ಕೆ ಮುಖ್ಯ ತಾಣವಾಯಿತು. ಕನ್ನಡದ ಬಲಿಪೂಜೆ ಕನ್ನಡದ ಭಕ್ತಿಗೀತೆಗಳನ್ನು ಬೇಡಿದ್ದು ಈ ಬದಲಾವಣೆಯಿಂದ. ಕಥೋಲಿಕ ವಿಧಿಯಲ್ಲಿ ಹರ್ಷಕ್ಕೆ ಕಾಲನಿಯಮವೂ ಇದೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ‘ಹಲ್ಲೆಲೂಯ’ವನ್ನು ಹಾಡುವುದಿಲ್ಲ, ಪಾಸ್ಖದ ಜಾಗರಣೆಯ ರಾತ್ರಿ ಅದು ಮತ್ತೆ ಮೊಳಗುತ್ತದೆ. ಒಂದು ಪದವನ್ನು ವಾರಗಟ್ಟಲೆ ತಡೆಹಿಡಿದು ಅದರ ಸಂತೋಷವನ್ನು ಕಾಪಾಡುವ ಈ ಕ್ರಮ, ಉಪವಾಸದ ಬಳಿಕ ಬರುವ ಪಾರಣೆಯನ್ನು ನೆನಪಿಸುವಂಥದು.

ಇಪ್ಪತ್ತನೆಯ ಶತಮಾನದಲ್ಲಿ ಹರಡಿದ ಪೆಂತೆಕೋಸ್ತ ಸಭೆಗಳಲ್ಲಿ ಹರ್ಷ ದೇಹದಲ್ಲಿಯೂ ಪ್ರಕಟವಾಗುತ್ತದೆ. ಕೈತಟ್ಟುವುದು, ಕೈಯೆತ್ತುವುದು, ಒಂದೇ ಸಾಲನ್ನು ಹಲವು ಬಾರಿ ಹಾಡುವುದು, ಕೀಬೋರ್ಡ್ ಡ್ರಮ್ಮುಗಳ ಬಳಕೆ ಇಲ್ಲಿ ಸಾಮಾನ್ಯ. ‘ಸ್ತೋತ್ರ’ ಎಂಬ ನಾಮಪದ ಇಲ್ಲಿ ಉದ್ಗಾರವಾಗಿ, ಪರಸ್ಪರ ವಂದನೆಯ ಮಾತಾಗಿಯೂ ಬಳಕೆಯಾಗುತ್ತದೆ. ಸಂಸ್ಕೃತದ ಸಾಹಿತ್ಯಪ್ರಕಾರವೊಂದರ ಹೆಸರು ಬೀದಿಯಲ್ಲಿ ಎದುರಾದವರನ್ನು ಮಾತನಾಡಿಸುವ ಪದವಾಗಿ ಮಾರ್ಪಟ್ಟಿರುವುದು ಭಾಷಾವಿಜ್ಞಾನದ ದೃಷ್ಟಿಯಿಂದ ಕುತೂಹಲಕರ ಅರ್ಥಪಲ್ಲಟ. ಹಳೆಯ ಸಭೆಗಳವರು ಈ ಆರಾಧನೆಯಲ್ಲಿ ಗದ್ದಲವನ್ನು ಕಂಡರೆ, ಇವರು ಹಳೆಯ ಸಭೆಗಳಲ್ಲಿ ಜಡತೆಯನ್ನು ಕಾಣುತ್ತಾರೆ. ಅಗಸ್ಟೀನನ ತಳಮಳವೇ ಹೀಗೆ ಎರಡು ಪಕ್ಷಗಳಾಗಿ ಒಡೆದು ನಿಂತಂತಿದೆ.

6. ಸಾಹಿತ್ಯ ಚರಿತ್ರೆಯ ಮೌನ

ಈಗ ಆರಂಭದ ಪ್ರಶ್ನೆಗೆ ಮರಳಬಹುದು. ಆಧುನಿಕ ಕನ್ನಡ ಸಾಹಿತ್ಯ ಕ್ರೈಸ್ತ ವಸ್ತುವನ್ನು ದೂರವಿರಿಸಿತೆಂದು ಹೇಳಲಾಗದು. ಬಿ.ಎಂ.ಶ್ರೀ.ಯವರ ‘ಇಂಗ್ಲಿಷ್ ಗೀತಗಳು’ (1926) ಸಂಕಲನದಲ್ಲಿ ಬಂದ, ನ್ಯೂಮನ್ 1833ರಲ್ಲಿ ರಚಿಸಿದ ಪ್ರಾರ್ಥನಾಗೀತೆಯ ಅನುವಾದವನ್ನು ಮತಭೇದವಿಲ್ಲದೆ ಕನ್ನಡಿಗರು ತಮ್ಮದಾಗಿಸಿಕೊಂಡಿದ್ದಾರೆ. ಗೋವಿಂದ ಪೈಯವರ ‘ಗೊಲ್ಗೊಥಾ’ ಕ್ರಿಸ್ತನ ಶಿಲುಬೆಯ ಮರಣವನ್ನು ಖಂಡಕಾವ್ಯವಾಗಿಸಿತು. ಆದರೆ ಇವುಗಳಲ್ಲಿ ಮೊದಲನೆಯದು ಕತ್ತಲಲ್ಲಿ ದಾರಿ ಬೇಡುವವನ ಹಾಡು. ಎರಡನೆಯದು ಯಾತನೆಯ ಕಾವ್ಯ. ಕ್ರೈಸ್ತಧರ್ಮದ ಕರುಣೆಯನ್ನೂ ನೋವನ್ನೂ ಕನ್ನಡ ಕಾವ್ಯ ಆದರದಿಂದ ಸ್ವೀಕರಿಸಿತು. ಆ ಧರ್ಮದವರು ವಾರವಾರವೂ ಕೂಡಿ ಹಾಡುವ ಹರ್ಷ ಮಾತ್ರ ದೇವಾಲಯದ ಗೋಡೆಗಳೊಳಗೆ ಉಳಿಯಿತು. ಬಾಸೆಲ್ ಮಿಶನ್ನಿನ ಪಾದ್ರಿಯಾಗಿದ್ದ ಉತ್ತಂಗಿ ಚನ್ನಪ್ಪನವರನ್ನು ಕನ್ನಡ ನಾಡು ಸರ್ವಜ್ಞನ ವಚನಗಳ ಸಂಪಾದಕರೆಂದು ಗೌರವಿಸಿ, 1949ರ ಗುಲಬರ್ಗಾ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಆರಿಸಿತು. ಆದರೆ ಅವರು ನಡೆಸುತ್ತಿದ್ದ ಆರಾಧನೆಯ ಹಾಡುಗಳು ಯಾವ ಪಠ್ಯಕ್ಕೂ ಸುಲಭವಾಗಿ ಸೇರಲಾರವು.

ಇದಕ್ಕೆ ಕಾರಣ ಕೇವಲ ಮತೀಯ ಉಪೇಕ್ಷೆ ಎನ್ನುವುದು ಸರಿಯಾಗಲಾರದು. ವಿಧಾನದ ಕಾರಣವೂ ಇದೆ. ‘ಕರ್ಣಾಟಕ ಕವಿಚರಿತೆ’ಯಿಂದ ಮೊದಲ್ಗೊಂಡು ನಮ್ಮ ಸಾಹಿತ್ಯ ಚರಿತ್ರೆ ಕವಿ, ಕಾಲ, ಕೃತಿಗಳ ಸುತ್ತ ರೂಪುಗೊಂಡಿದೆ. ಸಭಾಗೀತೆಗೆ ದಾಸರ ಪದಗಳಲ್ಲಿರುವಂಥ ಅಂಕಿತದ ರೂಢಿಯಿಲ್ಲ. ಒಬ್ಬರು ಅನುವಾದಿಸಿದ್ದನ್ನು ಮತ್ತೊಬ್ಬರು ತಿದ್ದುತ್ತಾರೆ, ಸಮಿತಿಗಳು ಪರಿಷ್ಕರಿಸುತ್ತವೆ, ಹಾಡುವವರ ಬಾಯಲ್ಲಿ ಪಾಠ ಮತ್ತೆ ಬದಲಾಗುತ್ತದೆ. ಜಾನಪದ ಎನ್ನೋಣವೆಂದರೆ ಅದು ಅಚ್ಚಾದ ಪುಸ್ತಕ. ಶಿಷ್ಟಕಾವ್ಯ ಎನ್ನೋಣವೆಂದರೆ ಕವಿಯ ಹೆಸರು ಹಿಂದೆ ಸರಿದಿದೆ. ಎರಡು ವಿಭಾಗಗಳ ನಡುವೆ ಬಿದ್ದದ್ದು ಎರಡೂ ಕಡೆ ಕಾಣದಾಗುತ್ತದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಕ್ರೈಸ್ತ ಜೀವನದಲ್ಲಿ ಹರ್ಷಸ್ತುತಿಯು ಭಾವದ ಉಕ್ಕುವಿಕೆಗಿಂತ ಮುಖ್ಯವಾಗಿ ಸಾಮುದಾಯಿಕ ಕ್ರಿಯೆ. ಅದರ ವ್ಯಾಕರಣ ಬಹುವಚನದ ಕರೆಯದು. ಅದು ಮೊರೆಯನ್ನು ಅಳಿಸದೆ ತನ್ನೊಳಗೆ ಇರಿಸಿಕೊಂಡಿದೆ. ಕನ್ನಡಕ್ಕೆ ಬಂದಾಗ ಅದು ಕೀರ್ತನೆ, ಸ್ತೋತ್ರ, ಸೇವೆ, ಭಜನೆಗಳೆಂಬ ಇಲ್ಲಿನ ಪದಗಳನ್ನು ಪಡೆದು, ಅವುಗಳಿಗೆ ಹೊಸ ಬಳಕೆಗಳನ್ನು ಮರಳಿ ಕೊಟ್ಟಿದೆ. ಐರೋಪ್ಯ ಧಾಟಿಗೂ ಕನ್ನಡದ ಮಾತ್ರಾಲಯಕ್ಕೂ ನಡೆದ ತಿಕ್ಕಾಟ ನವೋದಯದ ಛಂದಃಪ್ರಯೋಗಗಳಿಗಿಂತ ಹಲವು ದಶಕಗಳ ಮೊದಲೇ ಸಭೆಯ ಹಾಡುಗಳಲ್ಲಿ ಆರಂಭವಾಗಿತ್ತು. ಇಷ್ಟನ್ನು ಒಪ್ಪಿದರೆ, ಈ ಹಾಡುಪುಸ್ತಕಗಳ ಬೇರೆ ಬೇರೆ ಮುದ್ರಣಗಳನ್ನು ಎದುರುಬದುರು ಇಟ್ಟು ಪಾಠಾಂತರಗಳನ್ನು ಗುರುತಿಸುವುದೂ, ಸಭೆಗಳಲ್ಲಿ ಇಂದಿಗೂ ಹಾಡುತ್ತಿರುವ ಹಿರಿಯರ ಧಾಟಿಗಳನ್ನು ಧ್ವನಿಮುದ್ರಿಸುವುದೂ ಕನ್ನಡ ವಿಭಾಗಗಳ ಕೆಲಸವೇ ಆಗುತ್ತದೆ. ಹಳೆಯ ಮುದ್ರಣಗಳ ಹಾಳೆ ಪುಡಿಯಾಗುತ್ತಿದೆ. ಧಾಟಿಗಳನ್ನು ಬಲ್ಲವರ ಸಂಖ್ಯೆ ಇಳಿಯುತ್ತಿದೆ. ಹಾಳೆ ಉಳಿದು ಧಾಟಿ ಅಳಿದರೆ ಸಂಶೋಧಕರಿಗೆ ದೊರೆಯುವುದು ಮಾತು ಮಾತ್ರ. ಮಾತು ಮೀರಿದ ಹರ್ಷವೆಂದು ಅಗಸ್ಟೀನ ಗುರುತಿಸಿದ ಆ ಸ್ವರ ದೊರೆಯಲಾರದು.